ಒಂದು ಸಲ ಒತ್ತಿದರೆ ಹೌದು

ಕ್ಲಿನಿಕ್ಕಿನ ಹಿಂದಿನ ಕೋಣೆಯಿಂದ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಾವೆಲ್ಲ ಇಲ್ಲಿ ಕ್ಷೇಮ ಅಂತ ಶುರು ಮಾಡಬೇಕು. ಆದರೆ ನನಗೆ ಸುಳ್ಳು ಬರೆಯಲು ಬರುವುದಿಲ್ಲ ಅಂತ ನಿನಗೆ ಗೊತ್ತು. ಕ್ಷೇಮವಾಗಿರುವುದು ನಮ್ಮ ಮೂರು ಕಾಲಿನ ಬೆಕ್ಕು ಮುಕ್ಕಾಲು ಒಂದೇ. ಅದರ ಮೂರು ಕಾಲೂ ಗಟ್ಟಿಯಾಗಿವೆ. ಹೊತ್ತು ಸಿಕ್ಕಾಗಲೆಲ್ಲ ಅಪ್ಪನ ಹೊಟ್ಟೆಯ ಮೇಲೆ ಹತ್ತಿ ಮಲಗುತ್ತದೆ, ಕಾಂಪೌಂಡರ್ ಮಾಮ ಇಳಿಸಲು ಹೋದರೆ ಉಗುರು ತೋರಿಸುತ್ತದೆ. ಉಳಿದವರ ಸಮಾಚಾರ ಮುಂದೆ ಬರೆಯುತ್ತೇನೆ.

ಮೊದಲು ಲಕೋಟೆಯನ್ನು ಇನ್ನೊಂದು ಸಲ ನೋಡು. ಒಳಗೆ ಒಂದು ಕೀಲಿಕೈ ಇದೆ. ಹತ್ತಿಯಲ್ಲಿ ಸುತ್ತಿ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದೇನೆ. ಕ್ಲಿನಿಕ್ಕಿನ ಔಷಧಿ ಬೀರುವಿನದು. ದಿನಾ ಬೇಕಾಗುವ ಔಷಧಿಗಳನ್ನೆಲ್ಲ ಹೊರಗಿನ ಕಪಾಟಿಗೆ ಸಾಗಿಸಿದ್ದೇನೆ, ಬೀರುವಿನಲ್ಲಿ ಉಳಿದಿರುವುದು ಒಂದೇ. ಯಾವುದು ಅಂತ ನಿನಗೆ ಗೊತ್ತು. ಕೀಲಿಕೈ ನಿನ್ನ ಹತ್ತಿರ ಇರಲಿ. ಮಾಮನಿಗೆ ಕೊಟ್ಟರೆ ಕಳೆದುಬಿಡುತ್ತಾರೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮನುಷ್ಯ ಅವರು. ಅದಕ್ಕೇ ನಿನಗೆ ಕಳಿಸುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಅಪ್ಪನ ಮಂಚ ಈಗ ಕ್ಲಿನಿಕ್ಕಿನ ಒಳಕೋಣೆಯಲ್ಲಿದೆ. ಆಪರೇಷನ್ ಆದ ನಾಯಿ ಬೆಕ್ಕುಗಳನ್ನು ಎಚ್ಚರವಾಗುವ ತನಕ ಇಡುತ್ತಿದ್ದೆವಲ್ಲ, ಅದೇ ಕೋಣೆ. ಅವರನ್ನು ಎತ್ತಿಕೊಂಡು ಮಹಡಿ ಹತ್ತಲು ನನ್ನಿಂದಲೂ ಆಗಲಿಲ್ಲ, ಮಾಮನಿಂದಲೂ ಆಗಲಿಲ್ಲ. ಕೈಕಾಲು ಹೋಗಿವೆ, ಮಾತು ಹೋಗಿದೆ, ಕಿವಿ ಮಾತ್ರ ಮೊದಲಿಗಿಂತ ಚುರುಕು. ಹಿಂಬಾಗಿಲ ಹೊರಗೆ ನಿಂತು ಪಿಸುಗುಟ್ಟಿದರೂ ಕೇಳಿಸಿಕೊಳ್ಳುತ್ತಾರೆ. ಪೆನ್ನಿನ ಸದ್ದು ಮಾತ್ರ ಕೇಳಿಸುವುದಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಈ ನರದ ಕಾಯಿಲೆ ಬುದ್ಧಿಯೊಂದನ್ನು ಬಿಟ್ಟು ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡು ಹೋಗುತ್ತದೆ, ಕೊನೆಗೆ ಉಸಿರು, ಅಂತ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಈಗ ಬಲಗೈಯ ಬೆರಳುಗಳು ಉಳಿದಿವೆ. ಅವರ ಅಂಗೈಯಲ್ಲಿ ನನ್ನ ಕೈ ಇಟ್ಟು ಕೇಳುತ್ತೇನೆ. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಬೇಡ. ಕಿಟಕಿ ತೆಗೀಲಾ? ಒಂದು. ಮಗ್ಗುಲು ತಿರುಗಿಸ್ಲಾ? ಒಂದು. ಮಾಮ ಪೇಪರ್ ಓದಿ ಹೇಳ್ತಾರಂತೆ? ಎರಡು, ಗಟ್ಟಿಯಾಗಿ ಎರಡು. ಮಾಮ ಒಂದು ಸಾಲು ಓದಿ ಹತ್ತು ಸಾಲು ಭಾಷಣ ಮಾಡುತ್ತಾರೆ, ಅದಕ್ಕೆ. ನಗಲು ಮುಖದಲ್ಲಿ ಶಕ್ತಿ ಇಲ್ಲ. ಆದರೆ ಆ ಎರಡನೆಯ ಒತ್ತಿನಲ್ಲಿ ನಗು ಇತ್ತು ಅಂತ ನನಗೆ ಗೊತ್ತಾಯಿತು.

ನಾನು ಅಪ್ಪನಿಗೆ ಮಾತು ಕೊಟ್ಟಿದ್ದೇನೆ ಅಂತ ನಿನಗೆ ಗೊತ್ತು, ಹೇಗೆ ಕೊಟ್ಟೆ ಅಂತ ಗೊತ್ತಿಲ್ಲ. ಆಗಿನ್ನೂ ಅವರು ಕಾಲು ಎಳೆದುಕೊಂಡು ಓಡಾಡುತ್ತಿದ್ದರು. ಟ್ಯಾಕ್ಸಿ ಓಡಿಸುವವರ ಮುದಿ ನಾಯಿಯನ್ನು ಕೊನೆಯ ಸೂಜಿ ಕೊಟ್ಟು ಕಳಿಸಿಕೊಟ್ಟಿದ್ದೆವು. ನಾನು ಸ್ಟೀಲ್ ಮೇಜು ಒರೆಸುತ್ತಿದ್ದೆ. ಅಪ್ಪ ಬೆನ್ನು ಹಾಕಿ ಕೈ ತೊಳೆಯುತ್ತ, ನಂಗೂ ಹೀಗೇ ಮಾಡ್ತೀಯೇನೇ ಅಂದರು. ಟೀ ಇಡ್ತೀಯೇನೇ ಅನ್ನುವಾಗಿನ ದನಿ. ನಾನೂ ಅದೇ ದನಿಯಲ್ಲಿ ಹೂಂ ಅಂದುಬಿಟ್ಟೆ. ಆಮೇಲೆ ಅವರು ನಲ್ಲಿ ನಿಲ್ಲಿಸಿದರು. ನಾನು ಒಪ್ಪಿದ್ದು ಏನನ್ನು ಅಂತ ಆಗ ತಲೆಗೆ ಹೋಯಿತು. ಅಕ್ಕನ್ನ ಯಾಕೆ ಕೇಳ್ಲಿಲ್ಲ ಅಂತ ಕೇಳಿದೆ. ಅವಳು ವಾದ ಮಾಡ್ತಾಳೆ, ನೀನು ಸುಳ್ಳು ಹೇಳಲ್ಲ, ನಂಗೆ ಕೊನೆಗೆ ಬೇಕಾಗೋದು ಎರಡನೇದು ಅಂದರು.

ನನ್ನ ಸತ್ಯದ ಮೇಲೆ ಅಪ್ಪನಿಗೆ ಯಾವಾಗಲೂ ಅತಿ ನಂಬಿಕೆ. ಪರೀಕ್ಷೆಯಲ್ಲಿ ಉತ್ತರ ಬರೆಯುವ ಜಾಗದಲ್ಲಿ, ಇದು ನನಗೆ ಗೊತ್ತಿಲ್ಲ, ಗೊತ್ತಿದ್ದವರು ಇದರಿಂದ ಏನು ಮಾಡಿದ್ದಾರೆ ಅಂತಲೂ ಗೊತ್ತಿಲ್ಲ ಅಂತ ಬರೆದು, ಹೆಡ್‌ಮಿಸ್ ಕ್ಷಮೆ ಕೇಳು ಅಂದಾಗ ಚೀಲ ತೆಗೆದುಕೊಂಡು ಬಂದುಬಿಟ್ಟವಳು ನಾನು. ನೀನು ಅವತ್ತು ಊಟ ಬಿಟ್ಟು ಅತ್ತಿದ್ದೆ. ಅಪ್ಪ ಬೈಯಲಿಲ್ಲ. ಒಂದು ಕಡೆ ಕೂರದವಳಿಗೆ ಒಂದು ಕಡೆ ನಿಲ್ಲದ ಪೇಷಂಟುಗಳೇ ಸರಿ ಅಂತ ಏಪ್ರನ್ ಕೈಗೆ ಕೊಟ್ಟರು. ಚಡಪಡಿ ಅಂತ ಹೆಸರಿಟ್ಟರು.

ನೀನು ಮೊದಲಿನಿಂದ ಒಂದೇ ಮಾತು ಹಿಡಿದಿದ್ದೀಯ. ದೇಹ ಅವರದು, ನೋವು ಅವರದು, ತೀರ್ಮಾನವೂ ಅವರದೇ. ನಾಯಿಗೆ ತೋರಿಸುವ ಕರುಣೆಯನ್ನು ಮನುಷ್ಯನಿಗೆ ಯಾಕೆ ತೋರಿಸಬಾರದು. ನಿನ್ನ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ಸಾಕಾಯಿತು, ಸಿಗಲಿಲ್ಲ. ಕಾನೂನು ಏನಾದ್ರೂ ಹೇಳ್ಲಿ, ಆ ದಿನ ನಾನು ನಿನ್ನ ಪಕ್ಕ ನಿಲ್ತೀನಿ, ಪೊಲೀಸ್ ಬಂದ್ರೆ ಮೊದಲು ನನ್ನ ಹೆಸರು ಹೇಳು ಅಂದೆ ನೀನು. ಅಷ್ಟು ಧೈರ್ಯ ನನಗಿಲ್ಲ, ಆದ್ದರಿಂದ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಆದರೆ ಅಕ್ಕ, ನಿನ್ನ ವಾದದೊಳಗೆ ಸೂಜಿ ಹಿಡಿದ ಕೈ ಎಲ್ಲೂ ಕಾಣಿಸುವುದಿಲ್ಲ. ಆ ಕೈ ನನ್ನದು.

ಡಾಕ್ಟರಮ್ಮನನ್ನೂ ಕೇಳಿದೆ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು. ನೋವಿಗೆ ಎಷ್ಟು ಬೇಕೋ ಅಷ್ಟು ಕೊಡ್ತೀನಿ, ಉಸಿರಿಗೆ ಮಷೀನ್ ಬೇಡ ಅಂದ್ರೆ ಹಾಕಲ್ಲ, ಅವರೇ ನಂಗೆ ಮೊದಲೇ ಹೇಳಿದ್ದಾರೆ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗು ಅಂದ್ರೆ ನನ್ನ ಕಾಲು ಬರಲ್ಲ ಅಂದರು. ಹೋಗೋಕೆ ಬಿಡೋದಕ್ಕೂ ಕಳಿಸೋದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ, ಎರಡರಲ್ಲೂ ಹೋಗ್ತಾರಲ್ಲ ಅಂದೆ. ಅವರು ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿ, ವ್ಯತ್ಯಾಸ ಇದೆ ಅಂತ ನಂಬ್ಕೊಂಡೇ ನಾನು ಮನೆಗೆ ಹೋಗಿ ಊಟ ಮಾಡ್ತೀನಿ ಮಗಳೇ, ಅದನ್ನ ಕಿತ್ಕೋಬೇಡ ಅಂದರು. ಅವರು ಹೋದ ಮೇಲೆ ಒಳಗೆ ಬಂದರೆ ಅಪ್ಪನ ಕಣ್ಣು ನನ್ನ ಮೇಲೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದರು.

ಅಪ್ಪನ ಕೆಲಸದ ರೀತಿ ನಿನಗೆ ಅಷ್ಟಾಗಿ ಗೊತ್ತಿಲ್ಲ, ನೀನು ಓದಲು ಹೋದ ಮೇಲೆ ನಾನು ಕಲಿತದ್ದು. ಕೊನೆಯ ಸೂಜಿಗೆ ಅವರದೇ ಕಟ್ಟಳೆಗಳಿದ್ದವು. ಪ್ರಾಣಿ ಹೆದರಿದ್ದರೆ ಆ ದಿನ ಇಲ್ಲ. ಸಾಕಿದವರು ಹೊರಗೆ ಹೋಗಿ ನಿಲ್ಲುವಂತಿಲ್ಲ, ಕೊನೆಯ ತನಕ ಮುಟ್ಟಿಕೊಂಡೇ ಇರಬೇಕು. ಸೂಜಿ ಹಿಡಿದವರ ಕೈ ನಡುಗಿದರೆ ಕೆಳಗಿಡಬೇಕು. ಮತ್ತೆ ಒಂದು ಪ್ರಶ್ನೆ, ಅದನ್ನು ಎಲ್ಲರಿಗೂ ಕೇಳುತ್ತಿದ್ದರು. ಬೇಕರಿಯಾಕೆ ತನ್ನ ನಾಯಿಯನ್ನು ಎತ್ತಿಕೊಂಡು ಬಂದಿದ್ದಳು, ಹೊಟ್ಟೆಯಲ್ಲಿ ಗಡ್ಡೆ. ಇನ್ನು ನೋಡೋಕಾಗಲ್ಲ ಡಾಕ್ಟ್ರೇ, ಮುಗಿಸಿಬಿಡಿ ಅಂದಳು. ಯಾರ ನೋವು ತಡ್ಕೊಳ್ಳೋಕಾಗ್ತಿಲ್ಲ, ಅದರದ್ದಾ ನಿಮ್ಮದಾ ಅಂತ ಅಪ್ಪ ಕೇಳಿದರು. ಆಕೆಗೆ ರೇಗಿಹೋಯಿತು. ನೀವೇನು ಪ್ರಾಣಿ ಡಾಕ್ಟ್ರೋ ಪೊಲೀಸೋ ಅಂದಳು. ಅಪ್ಪ ನಾಯಿಯ ಕಿವಿ ಸವರುತ್ತ ನಿಂತರು. ಆಮೇಲೆ ಆಕೆಯೇ, ನಂದು ಅಂದಳು. ಹಾಗಾದ್ರೆ ಇವತ್ತು ನಿಮಗೆ ಟೀ, ಅದಕ್ಕೆ ನೋವಿನ ಔಷಧಿ, ಅದರ ಸರದಿ ಬಂದಾಗ ಅದೇ ಹೇಳುತ್ತೆ ಅಂದರು. ಟೀ ನಾನೇ ಮಾಡಿದೆ. ಕೆಲವು ವಾರದ ಮೇಲೆ ಆ ನಾಯಿ ನೀರನ್ನೂ ಬಿಟ್ಟಿತು, ಆಗ ಆಕೆ ಮತ್ತೆ ಬಂದಳು, ಅಪ್ಪ ಪ್ರಶ್ನೆ ಕೇಳಲಿಲ್ಲ.

ಆ ದಿನಗಳಿಗೆ ಅಂತಲೇ ಒಂದು ಬೂದು ಬಣ್ಣದ ಕಂಬಳಿ ಇದೆ. ಸ್ಟೀಲ್ ಮೇಜು ತಣ್ಣಗಿರುತ್ತದೆ, ಕೊನೆಗೆ ಮುಟ್ಟುವ ವಸ್ತು ತಣ್ಣಗಿರಬಾರದು ಅನ್ನುವುದು ಅಪ್ಪನ ಮಾತು. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವಂತಿಲ್ಲ. ಒಳಕೋಣೆಯ ಬಾಗಿಲ ಹಿಂದಿನ ಮೊಳೆಗೆ ಅದೊಂದೇ ನೇತಾಡುತ್ತದೆ. ಪ್ರತಿ ಸಲ ಆದ ಮೇಲೆ ಅವರೇ ಒಗೆದು ಒಣಗಿಸುತ್ತಿದ್ದರು. ಕಂಬಳಿ ಮೇಜಿನ ಮೇಲೆ ಬಂತು ಅಂದರೆ ಮುಂದಿನದು ಅದೇ ಕೋಣೆಯಲ್ಲಿರುವ ಬೀರುವಿನ ಬಾಗಿಲು. ಆ ಬಾಗಿಲು ಎಷ್ಟು ಎಣ್ಣೆ ಹಾಕಿದರೂ ಕಿರ್ ಅನ್ನುತ್ತದೆ, ಇಲ್ಲಿ ಇದ್ದ ಪ್ರಾಣಿಗಳೆಲ್ಲ ಆ ಸದ್ದಿಗೆ ಕಿವಿ ನಿಮಿರಿಸುತ್ತಿದ್ದವು.

ಹೋದ ವಾರ ಬಟ್ಟೆ ಒಗೆಯುವ ಮಷೀನು ಕೆಟ್ಟಿತು. ಚಳಿ. ಅಪ್ಪನ ಹಾಸಿಗೆ ಒದ್ದೆಯಾಗಿತ್ತು, ಒಣಗಿದ ಹೊದಿಕೆ ಒಂದೂ ಇರಲಿಲ್ಲ. ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡೇ ಒಂದು ಕೈಯಲ್ಲಿ ಬಾಗಿಲ ಹಿಂದೆ ತಡಕಾಡಿದೆ, ಸಿಕ್ಕಿದ್ದನ್ನು ಎಳೆದು ಅವರ ಕೆಳಗೆ ಹಾಸಿದೆ. ನನ್ನ ಚಡಪಡಿಕೆ ನಿನಗೆ ಗೊತ್ತಲ್ಲ, ಕೈ ಓಡಿದ ಮೇಲೆ ತಲೆ ಓಡುವುದು. ಮತ್ತೆ ಅವರನ್ನು ಅಂಗಾತ ಮಲಗಿಸಿದೆ. ಅವರ ಬೆರಳು ಕಂಬಳಿಯನ್ನು ಮುಟ್ಟಿದವು. ಎಷ್ಟೋ ವರ್ಷ ಅದನ್ನು ಒಗೆದ ಬೆರಳುಗಳು ಅವು, ನೋಡುವುದೇ ಬೇಕಿರಲಿಲ್ಲ.

ಅಕ್ಕ, ಆ ಕಣ್ಣು. ಬಾಯಿ ಇಲ್ಲದ ಜೀವಗಳ ಕಣ್ಣನ್ನು ನಾನು ದಿನಾ ನೋಡಿದವಳು. ನನಗೆ ಗೊತ್ತಿಲ್ಲದ ಹೆದರಿಕೆ ಇಲ್ಲ ಅಂದುಕೊಂಡಿದ್ದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. ಚಮಚ ಎತ್ತಲಾಗದ ಕೈ, ಅಷ್ಟು ಬಲ ಎಲ್ಲಿತ್ತೋ. ಒಂದು ಸಲ ಒತ್ತಲಿಲ್ಲ, ಎರಡು ಸಲವೂ ಅಲ್ಲ. ಹಿಡಿದರು, ಬಿಡಲೇ ಇಲ್ಲ. ಏನಾಯ್ತಪ್ಪ, ಏನಾಯ್ತು ಅಂತ ನಾನು ಕೇಳುತ್ತಲೇ ಇದ್ದೆ, ಆಮೇಲೆ ಕಂಬಳಿ ಕಣ್ಣಿಗೆ ಬಿತ್ತು. ಚಳಿ ಅಂತ ಹಾಕ್ದೆ ಅಪ್ಪ, ಬರೀ ಚಳಿ ಅಂತ, ಅದಕ್ಕಲ್ಲ ಅಂತ ಕಿರುಚಿದೆ. ಮಾಮ ಓಡಿಬಂದರು. ಇಬ್ಬರೂ ಸೇರಿ ಕಂಬಳಿ ಎಳೆದುಹಾಕಿದೆವು. ಮಾಮ ತಮ್ಮ ಕೋಟು ಬಿಚ್ಚಿ ಹಾಸಿ, ಮೂಲೆಗೆ ತಿರುಗಿ ಕನ್ನಡಕ ಒರೆಸಿದರು.

ಅಪ್ಪನ ಉಸಿರು ಸುಧಾರಿಸಿದ ಮೇಲೆ ಅವರ ಅಂಗೈಯಲ್ಲಿ ಕೈ ಇಟ್ಟು ಕೇಳಿದೆ. ಹೆದರಿಕೆ ಆಯ್ತಾ? ಒಂದು. ಹಾಗಾದ್ರೆ ನಾನು ಕೊಟ್ಟ ಮಾತು ಬಿಟ್ಟುಬಿಡ್ಲಾ? ಇದಕ್ಕೆ ಒಂದೇ ಒತ್ತಲಿ ಅಂತ ಬೇಡಿಕೊಂಡೆ. ಎರಡು. ಅಂದ್ರೆ ಈಗಲೂ ಅದು ಬೇಕಾ? ಒಂದು. ನನಗೆ ತಲೆ ಕೆಟ್ಟಿತು. ಇವತ್ತಾ ಅಂತ ಕೇಳಿದೆ. ಎರಡು. ತಕ್ಷಣ, ನನ್ನ ಮಾತು ಮುಗಿಯುವ ಮೊದಲೇ, ಎರಡು.

ಹೀಗಿದೆ ಅಕ್ಕ ಅಪ್ಪನ ತೀರ್ಮಾನ. ಬೇಕು, ಇವತ್ತು ಬೇಡ. ಇದನ್ನು ನಿನ್ನ ವಾದದಲ್ಲಿ ಎಲ್ಲಿ ಇಡುತ್ತೀಯೋ ನೋಡು. ಅವರು ಮನಸ್ಸು ಬದಲಾಯಿಸಿದ್ದಾರೆ ಅಂತ ಹೇಳಿದರೂ ಸುಳ್ಳಾಗುತ್ತದೆ, ಬದಲಾಯಿಸಿಲ್ಲ ಅಂದರೂ ಸುಳ್ಳೇ. ತಮ್ಮ ಕಾಲ ಮೇಲೆ ನಿಂತು ಕೈ ತೊಳೆಯುತ್ತಿದ್ದ ಅಪ್ಪ ಒಬ್ಬರು, ಕಂಬಳಿ ಮುಟ್ಟಿದ ಅಪ್ಪ ಒಬ್ಬರು. ನಾನು ಮಾತು ಕೊಟ್ಟದ್ದು ಮೊದಲನೆಯವರಿಗೆ. ಸೂಜಿ ಹೋಗುವುದು ಎರಡನೆಯವರಿಗೆ.

ಅಂದಿನಿಂದ ದಿನಾ ಬೆಳಿಗ್ಗೆ ಮುಖ ಒರೆಸಿದ ಮೇಲೆ ಕೇಳುತ್ತೇನೆ, ಇವತ್ತಾ ಅಂತ. ಕೇಳದೆ ಬಿಟ್ಟರೆ ಅವರಿಗೆ ಮೋಸ. ಬೇರೆ ಯಾರೂ ಕೇಳುವವರಿಲ್ಲ, ಅವರಿಗೆ ಬಾಯಿಲ್ಲ. ಮೊದಲನೆಯ ಒತ್ತು ಬಂದು ಎರಡನೆಯದು ಬರುವ ತನಕ ಒಂದು ಹೊತ್ತು ಇರುತ್ತದಲ್ಲ, ಅದರಲ್ಲಿ ನಾನು ನಿಂತಲ್ಲೇ ಬೆವರುತ್ತೇನೆ. ಬೆರಳು ಈಚೆಗೆ ನಿಧಾನವಾಗಿವೆ, ಆ ಹೊತ್ತು ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ. ಒಂದು ದಿನ ಎರಡನೆಯದು ಬರುವುದಿಲ್ಲ. ಅದು ಅವರು ಹೌದು ಅಂದದ್ದೋ, ಬೆರಳು ಸತ್ತದ್ದೋ, ನನಗೆ ಹೇಗೆ ತಿಳಿಯಬೇಕು?

ಕೀಲಿಕೈಯನ್ನು ಇಷ್ಟು ದಿನ ಕುತ್ತಿಗೆಗೆ ಹಾಕಿಕೊಂಡಿದ್ದೆ. ಅಲುಗುವ ಹಲ್ಲಿಗೆ ನಾಲಿಗೆ ಹೋಗುವ ಹಾಗೆ ಕೈ ಅಲ್ಲಿಗೇ ಹೋಗುತ್ತಿತ್ತು. ನಾಯಿಯ ಉಗುರು ಕತ್ತರಿಸುವಾಗ, ಅಪ್ಪನ ಬೆನ್ನು ಒರೆಸುವಾಗ, ಬ್ರೆಡ್ ತರಲು ಬೀದಿಗೆ ಹೋದಾಗಲೂ. ಬೇಕರಿಯಾಕೆ, ಏನೇ ಹುಡುಗಿ, ಕುತ್ತಿಗೆಗೆ ಏನು ಕಟ್ಕೊಂಡಿದ್ದೀಯ, ಗಂಟೆನಾ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಆಕೆಗೆ ಅಪ್ಪ ಕೇಳಿದ ಪ್ರಶ್ನೆಯನ್ನು ಆಕೆ ನನಗೆ ಕೇಳಿಬಿಟ್ಟರೆ ಅಂತ ಹೆದರಿ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ಇವತ್ತು ಬೆಳಿಗ್ಗೆಯೂ ಕೇಳಿದೆ. ಎರಡು.

ಅಪ್ಪ ಇವತ್ತು ನನ್ನ ಕೈಯಿಂದ ಸೂಪ್ ಕುಡಿಯಲಿಲ್ಲ, ಬಾಯಿ ಬಿಗಿ ಹಿಡಿದರು. ಮಾಮ ಕುಡಿಸಿದರೆ ಕುಡಿದರು. ಬಿಸಿ ಹೆಚ್ಚಾಗಿತ್ತೇನೋ.

ನೀನು ಭಾನುವಾರ ಬರುತ್ತೇನೆ ಅಂದಿದ್ದೀಯ. ಅದಕ್ಕೂ ಮೊದಲೇ ಬಾ. ಆ ದಿನಕ್ಕಾಗಿ ಬರಬೇಡ, ಸುಮ್ಮನೆ ಬಾ. ವಾದಗಳನ್ನು ಅಲ್ಲೇ ಬಿಟ್ಟು ಬಾ ಅನ್ನುವುದಿಲ್ಲ, ಅವೂ ಬೇಕಾಗಬಹುದು. ಡಾಕ್ಟರಮ್ಮನ ಜೊತೆ ಕೂತು, ಉಸಿರು ಕಟ್ಟಿದಾಗ ಏನು ಕೊಡುತ್ತಾರೆ, ನೋವಾಗದ ಹಾಗೆ ಎಷ್ಟರ ಮಟ್ಟಿಗೆ ನೋಡಿಕೊಳ್ಳುತ್ತಾರೆ ಅಂತ ನನಗೆ ಕೇಳಲು ಬಾರದ್ದನ್ನೆಲ್ಲ ಕೇಳು. ಮಕ್ಕಳನ್ನು ಕರೆದುಕೊಂಡು ಬಂದರೆ ಮುಕ್ಕಾಲಿನ ಬಾಲ ಎಳೆಯಬಾರದು ಅಂತ ಮೊದಲೇ ಹೇಳು. ಭಾವನಿಗೆ ನನ್ನ ನಮಸ್ಕಾರ.

ಇನ್ನೇನು ಬರೆಯಲಿ. ಮಾಮ ಕರೆಯುತ್ತಿದ್ದಾರೆ, ಹೊರಗೆ ಯಾರೋ ಮೊಲ ತಂದಿದ್ದಾರಂತೆ.

ನಿಂತಲ್ಲಿ ನಿಲ್ಲದ ನಿನ್ನ ತಂಗಿ,
ಚಡಪಡಿ

ತಾ.ಕ.: ಲಕೋಟೆ ಅಂಟಿಸಿ ಅಂಚೆ ಪೆಟ್ಟಿಗೆಯ ತನಕ ಹೋಗಿದ್ದೆ. ಹಾಕಲು ಆಗಲಿಲ್ಲ. ವಾಪಸ್ ಬಂದು ಹರಿದು, ಬೇರೆ ಲಕೋಟೆ ಹುಡುಕಿ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಎರಡು ಅಂತ ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿ ಅಲ್ಲ.

ಇವತ್ತಾ ಅಂತ ಕೇಳಿದೆ. ಒಂದು ಸಲ ಒತ್ತಿದರು. ಎರಡನೆಯದಕ್ಕೆ ನಾನು ಕಾಯಲಿಲ್ಲ. ಬೆರಳು ನಿಧಾನ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೈ ಬಿಡಿಸಿಕೊಂಡು ಎದ್ದುಬಿಟ್ಟೆ. ಬೀರುವಿನ ಹತ್ತಿರ ಹೋದೆ, ಬಾಗಿಲು ತೆಗೆದೆ. ಅದು ಕಿರ್ ಅಂದಿತು. ನನ್ನ ಕೈ ನಡುಗುತ್ತಿರಲಿಲ್ಲ. ಅದೇ ನನಗೆ ಭಯ. ಶಾಲೆಯಿಂದ ಚೀಲ ತೆಗೆದುಕೊಂಡು ಹೊರಗೆ ಬಂದ ದಿನ ಎಷ್ಟು ಹಗುರವಾಗಿದ್ದೆನೋ ಅಷ್ಟೇ ಹಗುರವಾಗಿದ್ದೆ. ಆಗ ಮುಕ್ಕಾಲು ಮಂಚದಿಂದ ಧೊಪ್ಪನೆ ನೆಗೆಯಿತು, ತಿರುಗಿ ನೋಡಿದೆ. ನನ್ನ ಕೈ ಇದ್ದ ಜಾಗದಲ್ಲಿ ಅಪ್ಪನ ಬೆರಳುಗಳು ಖಾಲಿ ಹೊದಿಕೆಯನ್ನು ಒತ್ತುತ್ತಿದ್ದವು. ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದವು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

ಓಡಿಹೋಗಿ ಕೈ ಕೊಟ್ಟೆ. ಎರಡು ಒತ್ತಿದರು. ನಾನು ಬರೆದದ್ದು ಆ ಎರಡನ್ನು. ಸೂಪ್ ಬಿಸಿ ಇರಲಿಲ್ಲ ಅಕ್ಕ.

ಕೀಲಿಕೈ ಮಾಮ ಕಳೆಯುತ್ತಾರೆ ಅಂತ ಕಳಿಸುತ್ತಿಲ್ಲ. ನಾನು ಎಷ್ಟೇ ಬೇಡಿಕೊಂಡರೂ, ಅಪ್ಪ ಒಂದೇ ಸಲ ಒತ್ತಿದರು ಅಂತ ಆಣೆ ಮಾಡಿ ಹೇಳಿದರೂ, ಅದನ್ನು ನನಗೆ ಕೊಡಬೇಡ. ನೀನೇ ಬಂದು ಅವರ ಕೈ ಹಿಡಿದು ಕೇಳು. ಒಂದು ಬಂದ ಮೇಲೂ ಕೈ ಬಿಡಬೇಡ.